ಅಪ್ಪಣೆಯ ಮೆಣಸು

"ಕಬ್ಬು ಒಂದು ಸೀಮೆಯದು, ಆಳು ಇನ್ನೊಂದು ಸೀಮೆಯದು, ನೆಲ ಮೂರನೆಯವರದು. ಸಕ್ಕರೆ ಮಾತ್ರ ನಮ್ಮದು. ಸಾಮ್ರಾಜ್ಯ ಕಟ್ಟುವುದೆಂದರೆ ಹೀಗೆ," ಎಂದು ಪರಂಗಿ ಕಪ್ತಾನ ಗಾಸ್ಪರ ಮೀಸೆ ತೀಡಿಕೊಂಡ.

ಹೊಳೆಬಾಗಿಲು ಬಂದರಿನ ಅರಸ ವೀರನರಸ ಒಡೆಯರು ತಲೆದೂಗಿದರು. ಅವರು ತೂಗಿದ್ದರಿಂದ ಇಡೀ ಆಸ್ಥಾನವೂ ತೂಗಿತು. ತೂಗದೆ ಉಳಿದದ್ದು ಒಂದೇ ತಲೆ, ಮಾತುಗಾರ ಪದುಮಣ್ಣನದು.

"ಬೆವರು ಯಾರದು ಕಪ್ತಾನರೇ?" ಎಂದ ಅವನು.

"ಬೆವರನ್ನು ಯಾರು ಕೊಳ್ಳುತ್ತಾರೆ?" ಎಂದು ಗಾಸ್ಪರ ನಕ್ಕು, ಬಂದ ಕೆಲಸಕ್ಕೆ ಇಳಿದ. "ಒಡೆಯರೇ, ನೀರು ತರಲು ಇಳಿಸಿದ ದೋಣಿಯಿಂದ ನಾನು ಕೊಂಡು ತಂದ ಒಬ್ಬ ಹಬಶಿ ಹೆಂಗಸು ಮಗುವನ್ನೆತ್ತಿಕೊಂಡು ಓಡಿಹೋಗಿದ್ದಾಳೆ. ಇದೇ ಪದುಮಣ್ಣನ ಮನೆಯಲ್ಲಿದ್ದಾಳೆ. ಅವಳನ್ನು ಕೊಡಿಸಿ. ಇಲ್ಲವೇ ತಾಯಿ ಮಗು ಇಬ್ಬರ ತೂಕದಷ್ಟು ಮೆಣಸು ಕೊಡಿಸಿ."

ಮೆಣಸು ಎಂದ ಕೂಡಲೇ ಒಡೆಯರ ಎದೆ ಧಸಕ್ಕೆಂದಿತು. ಹೆಂಗಸಿನ ಮಾತು ಬಂದಾಗ ಏನೂ ಆಗಿರಲಿಲ್ಲ. ಆಗುವುದಾದರೂ ಹೇಗೆ? ಅವರ ಗದ್ದೆಗಳಲ್ಲೂ ನೆಲದೊಡನೆ ಕೊಂಡು ಮಾರುವ ಮೂಲದಾಳುಗಳು ತಲೆತಲಾಂತರದಿಂದ ದುಡಿಯುತ್ತಿದ್ದರು.

"ಕಳಿಸಿಬಿಡು ಪದುಮಣ್ಣ," ಎಂದರು. "ಯಾರದೋ ಆಳು. ನಮಗೇಕೆ ಇಲ್ಲದ ಉಸಾಬರಿ?"

ಪದುಮಣ್ಣನಿಗೆ ಮೈ ಉರಿಯಿತು. ಬೆಳಿಗ್ಗೆ ಅವನು ಹೊರಡುವಾಗ ಆ ಹೆಂಗಸು, ಜೈನಬ, ಅವನ ತಾಯಿ ಕೊಟ್ಟ ಗಂಜಿಯನ್ನು ಮಗುವಿಗೆ ಕುಡಿಸುತ್ತ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಳು. ಕಪ್ತಾನ ಬಂದಿದ್ದಾನೆಂದು ಕೇಳಿದ್ದೇ ಬಾಗಿಲ ಕಂಬವನ್ನು ಬಿಗಿಯಾಗಿ ತಬ್ಬಿಕೊಂಡಿದ್ದಳು. ಹಡಗಿಗೆ ಹೋದರೆ ಅವಳೊಂದು ದ್ವೀಪಕ್ಕೆ, ಮಗುವೊಂದು ದ್ವೀಪಕ್ಕೆ ಮಾರಾಟ.

"ಮೆಣಸು ನಾನೇ ಕೊಡುತ್ತೇನೆ," ಎಂದ ಪದುಮಣ್ಣ. "ಅವರ ತೂಕದಷ್ಟು ಮೆಣಸು ಕೊಟ್ಟರೆ ನಿಮಗೂ ಅವರಿಗೂ ಸಂಬಂಧ ಹರಿಯಿತು. ಸರಿಯೇ?"

ಗಾಸ್ಪರ ಕೊರಳ ಶಿಲುಬೆ ಮುಟ್ಟಿ ಆಣೆಯಿಟ್ಟ. ಇವನ ಮನೆಯಲ್ಲಿ ಒಂದು ಹಿಡಿ ಮೆಣಸಿದ್ದರೆ ಹೆಚ್ಚು ಎಂದು ಆಸ್ಥಾನದವರು ಮುಸಿಮುಸಿ ನಕ್ಕರು.

ಅವರೆಲ್ಲ ಒಂದು ಸಂಗತಿ ಮರೆತಿದ್ದರು. ಮೂರು ವರ್ಷದ ಹಿಂದೆ ಇದೇ ಗಾಸ್ಪರ ಕಡಲಾಚೆಯಿಂದ ಕೆಂಪು ಕಾಯಿಗಳ ಮೂಟೆಗಳನ್ನು ತಂದಿದ್ದ. "ಇದೂ ಮೆಣಸೇ, ನಿಮ್ಮದಕ್ಕಿಂತ ಖಾರ," ಎಂದು ಒಡೆಯರ ಕಿವಿಗೆ ಹೂವಿಟ್ಟು, ಉಗ್ರಾಣದ ಕಪ್ಪು ಕಾಳಿನ ಬಳ್ಳಿಮೆಣಸನ್ನು ತೂಕಕ್ಕೆ ತೂಕ ಒಯ್ದಿದ್ದ. ಮರುವರ್ಷ ಆ ಕಾಯಿ ಎಲ್ಲರ ಹಿತ್ತಲಲ್ಲೂ ಬೆಳೆಯಿತು. ಹಕ್ಕಿ ಹಿಕ್ಕೆ ಹಾಕಿದಲ್ಲೆಲ್ಲ ಮೊಳೆಯಿತು. ಜನ ನಗತೊಡಗಿದರು. ಮೋಸಹೋದೆನೆಂದು ಒಪ್ಪಿಕೊಳ್ಳುವ ಅರಸ ಎಲ್ಲಾದರೂ ಇದ್ದಾನೆಯೇ? ಒಡೆಯರು ಡಂಗುರ ಹೊಡೆಸಿದರು: ಇದೂ ಮೆಣಸೇ, ಅಲ್ಲವೆಂದವರ ನಾಲಗೆಗೆ ಬರೆ.

ಮಾರನೆಯ ದಿನ ಬಂದರಿನಲ್ಲಿ ದೊಡ್ಡ ತಕ್ಕಡಿ ಕಟ್ಟಿದರು. ಜೈನಬ ಮಗುವನ್ನು ಎದೆಗವಚಿಕೊಂಡು ಒಂದು ತಟ್ಟೆಯಲ್ಲಿ ಕೂತಳು. ಮನುಷ್ಯರನ್ನು ತೂಗುವ ಕೆಲಸಕ್ಕೆ ತಾನೂ ಕೈಹಾಕಬೇಕಾಯಿತಲ್ಲ ಎಂದು ಪದುಮಣ್ಣನಿಗೆ ನಾಚಿಕೆಯಾಯಿತು.

"ಸ್ವಲ್ಪ ತಡಕೋ ತಾಯಿ," ಎಂದ ತಲೆ ತಗ್ಗಿಸಿ.

ಕೇರಿಯ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ಬಂದು ಇನ್ನೊಂದು ತಟ್ಟೆಗೆ ಸುರಿದರು. ಒಣಗಿದ ಕೆಂಪು ಕಾಯಿ. ಘಾಟು ಮೂಗಿಗೆ ಅಡರಿ ಗಾಸ್ಪರ ಸೀನಿದ.

"ಏನಿದು?"

"ಮೆಣಸು."

"ಇದು ಮೆಣಸಲ್ಲ."

ಪದುಮಣ್ಣ ಒಡೆಯರತ್ತ ತಿರುಗಿ ಕೈಮುಗಿದ. "ಕೇಳಿಸಿಕೊಂಡಿರಾ ಒಡೆಯರೇ? ಇದು ಮೆಣಸಲ್ಲವಂತೆ. ಹಾಗಾದರೆ ಇದನ್ನು ಕೊಟ್ಟು ಉಗ್ರಾಣದಿಂದ ಒಯ್ದದ್ದನ್ನೆಲ್ಲ ಕಪ್ತಾನರು ಹಿಂದಕ್ಕೆ ತಂದು ಸುರಿಯಬೇಕು. ನಾಲಗೆಯ ವಿಚಾರ ಬೇರೆ. ಅದು ತಮ್ಮ ಅಪ್ಪಣೆ, ನಾನು ನಡುವೆ ಬಾಯಿ ಹಾಕುವುದಿಲ್ಲ."

ಹೋದ ಮೆಣಸು ಹಿಂದಕ್ಕೆ ಬಂದೀತೆಂದು ಒಡೆಯರ ಮುಖ ಅರಳಿತು. "ಯಾರಲ್ಲಿ? ಕಬ್ಬಿಣ ಕಾಯಿಸಿ," ಎಂದರು.

ಗಾಸ್ಪರ ಎರಡು ಹೆಜ್ಜೆ ಹಿಂದೆ ಸರಿದ. "ಮೆಣಸೇ," ಎಂದ ಮೆಲ್ಲಗೆ.

"ಗಾಳಿ ಜೋರಾಗಿದೆ ಕಪ್ತಾನರೇ, ಕೇಳಿಸಲಿಲ್ಲ."

"ಮೆಣಸು ಮಾರಾಯ, ಮೆಣಸು."

ತಟ್ಟೆಗಳು ಸಮವಾದವು. ಆಗ ಜೈನಬ ಬಾಯಿ ತೆರೆದಳು. ಪದುಮಣ್ಣನ ಮನೆಯಲ್ಲಿ ಬಡಿಸುವಾಗ ಕೇಳಿಬರುತ್ತಿದ್ದ ಮಾತನ್ನು ಅವಳು ಕಲಿತಿದ್ದಳು.

"ಇನ್ನೂ ಸ್ವಲ್ಪ ಹಾಕಿ ಅಮ್ಮ," ಎಂದಳು ಕಪ್ತಾನನನ್ನೇ ನೋಡುತ್ತ. "ಅವನಿಗೆ ಕಡಿಮೆ ಆಗಬಾರದು."

ಹೆಂಗಸರು ನಗುತ್ತ ಮತ್ತೊಂದು ಬುಟ್ಟಿ ಸುರಿದರು. ಮೆಣಸಿನ ತಟ್ಟೆ ನೆಲ ಮುಟ್ಟಿತು. ಜೈನಬ ಮಗುವನ್ನೆತ್ತಿಕೊಂಡು ಇಳಿದು ಆ ಹೆಂಗಸರ ನಡುವೆ ಹೋಗಿ ನಿಂತಳು. ಗಾಸ್ಪರ ತನ್ನ ಮೆಣಸಿನ ಜೊತೆ ದೋಣಿ ಹತ್ತಿದ. ಅಷ್ಟು ಜನರನ್ನು ಹಡಗಿಗೆ ತುಂಬುವಾಗ ಒದ್ದೆಯಾಗದ ಅವನ ಕಣ್ಣು ಆ ದಿನ ಧಾರಾಕಾರ ಹರಿಯಿತು.

ಹೋದ ಮೆಣಸು ಹಿಂದಕ್ಕೆ ಬರದಿದ್ದರೂ ಒಡೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೂ ಅದೇ ತಕ್ಕಡಿಯಲ್ಲಿ ತೂಗಿಹೋಗಿದ್ದರು, ಪಾಪ, ಗೊತ್ತಾಗಿರಲಿಲ್ಲ.

"ಭಲೇ ಪದುಮಣ್ಣ. ನಿನಗೂ ನಿನ್ನ ತೂಕದಷ್ಟು ಮೆಣಸು ಇನಾಮು ಕೊಟ್ಟೆ."

ಪದುಮಣ್ಣ ತಕ್ಕಡಿ ಹತ್ತುವ ಮೊದಲು ವಿನಯದಿಂದ ಕೇಳಿದ:

"ಯಾವುದು ಒಡೆಯರೇ? ಬಳ್ಳಿಯ ಮೆಣಸೋ, ತಮ್ಮ ಅಪ್ಪಣೆಯ ಮೆಣಸೋ?"