ಪಾರವ್ವನ ಒಂದು ವಾಕ್ಯ

ತುಂಗಭದ್ರೆಯ ದಂಡೆಯ ಆಶ್ರಮವೊಂದರಲ್ಲಿ ಸಂಗನಬಸವಯ್ಯ ಎಂಬ ಗುರುಗಳಿದ್ದರು. ಸಂಜೆಯ ಭಜನೆ ಮುಗಿದ ಮೇಲೆ ಮರದ ಕೆಳಗೆ ಕುಳಿತು ಇಂಗ್ಲಿಷ್ ಕಲಿಸುತ್ತಿದ್ದರು. ಸುತ್ತಲ ಊರಿನವರು ಬರುತ್ತಿದ್ದರು. ಕೆಲವರಿಗೆ ನೌಕರಿಯ ಪರೀಕ್ಷೆ, ಕೆಲವರಿಗೆ ಬಡ್ತಿಯ ಪರೀಕ್ಷೆ.

ಫಕೀರೇಶ ಅಲ್ಲಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಆಶ್ರಮದಲ್ಲೇ ಉಳಿದು ಓದುತ್ತಿದ್ದ. ಒಂದೇ ಥರ ಕೇಳಿಸಿ ಎಲ್ಲರನ್ನೂ ಎಡವಿಸುವ ಇಂಗ್ಲಿಷ್ ಪದಗಳೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಅಡ್ವೈಸ್ ಎನ್ನುವುದಕ್ಕೆ ಎಲ್ಲಿ ಸಿ, ಎಲ್ಲಿ ಎಸ್, ಅಫೆಕ್ಟ್ ಯಾವುದು, ಎಫೆಕ್ಟ್ ಯಾವುದು, ಲೂಸ್‌ನಲ್ಲಿ ಒಂದು ಓ ಬಿಟ್ಟರೆ ಏನಾಗುತ್ತದೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಒಂದು ಸಂಜೆ ಗುರುಗಳು, ಇವತ್ತು ನೀನೇ ಕಲಿಸು ಎಂದು ಹೇಳಿ ಹಿಂದೆ ಹೋಗಿ ಕುಳಿತರು.

ಫಕೀರೇಶ ಹಿಗ್ಗಿದ. ಲೇಟ್, ಲೇಟ್ಲಿ, ಲ್ಯಾಟರ್ ಈ ಮೂರನ್ನೂ, ಲೇಟ್‌ಗಿರುವ ಎರಡು ಅರ್ಥಗಳನ್ನೂ ಬಿಡಿಸಿ ಹೇಳಿದ. ಆಮೇಲೆ ಒಬ್ಬೊಬ್ಬರೂ ಒಂದು ವಾಕ್ಯ ಮಾಡಿ ಎಂದ.

ಹಿಂದಿನ ಸಾಲಿನಲ್ಲಿ ಪಾರವ್ವ ಎಂಬ ಹೆಂಗಸು ಕೂಡುತ್ತಿದ್ದಳು. ಅಂಗನವಾಡಿಯ ಸಹಾಯಕಿ. ಅವಳು ಪಾಠದಲ್ಲಿ ಬಾಯಿ ಬಿಟ್ಟದ್ದನ್ನು ಅವನು ಕಂಡಿರಲಿಲ್ಲ. ಆ ಸಂಜೆ ಅವಳು ಎದ್ದು ನಿಂತಳು. ಸೆರಗನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಪದ ಎತ್ತಿಟ್ಟಂತೆ ಹೇಳಿದಳು.

“ಮೈ ಸನ್ ಈಸ್ ಲೇಟ್.”

ಮರದ ಕೆಳಗೆ ಕುಳಿತವರೆಲ್ಲ ತಲೆ ತಗ್ಗಿಸಿದರು.

ಫಕೀರೇಶ ನಕ್ಕ. ಬಸ್ಸು ತಪ್ಪಿತೇನು ಎಂದು ಕೇಳಿದ.

ಮುಂದೆ ಕುಳಿತಿದ್ದ ಟೇಲರ್ ಹುಸೇನಸಾಬ್ ತಗ್ಗಿದ ದನಿಯಲ್ಲಿ ತಿಳಿಸಿದ. ಅವಳ ಮಗ ಹೊಳೆ ದಾಟುವಾಗ ಹರಿಗೋಲು ಮಗುಚಿ ತೀರಿಕೊಂಡಿದ್ದ.

ಫಕೀರೇಶನ ಮುಖ ಬಿಸಿಯಾಯಿತು. ಏನೂ ತೋಚದಿದ್ದಾಗ ಅವನಿಗೆ ಆಸರೆಯಾಗುತ್ತಿದ್ದದ್ದು ವ್ಯಾಕರಣ. ಹಾಗಿದ್ದರೆ ವಾಕ್ಯ ತಪ್ಪು ಎಂದ. ತೀರಿಕೊಂಡವರಾದರೆ ಆ ಪದ ಮೊದಲು ಬರಬೇಕು, ಮೈ ಲೇಟ್ ಸನ್ ಎನ್ನಬೇಕು. ಈಸ್ ಆದಮೇಲೆ ಬಂದರೆ ಅರ್ಥವೇ ಬೇರೆ.

“ಇನ್ನೂ ಬಂದಿಲ್ಲ, ತಡ ಆಗೇತಿ, ಬರ್ತಾನ ಅಂತ ಆಗ್ತದ.”

ಪಾರವ್ವ ಅವನನ್ನೇ ನೋಡಿದಳು.

“ಬರ್ತಾನ ಅಂತ ಆಗ್ತದೇನ್ರೀ?”

ಹೌದು ಎಂದ.

ಅವಳು ಚೀಲ ತೆಗೆದುಕೊಂಡು ಹೊಳೆಯ ಮೆಟ್ಟಿಲುಗಳನ್ನು ಇಳಿದು ಹೋದಳು. ಕೊನೆಯ ಮೆಟ್ಟಿಲ ಮೇಲೆ, ಆಚೆ ದಡಕ್ಕೆ ಮುಖ ಮಾಡಿ ಕುಳಿತಳು.

ಪಾಠ ಅಲ್ಲಿಗೇ ನಿಂತಿತು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಹೋಗುವಾಗ ಹುಸೇನಸಾಬ್ ಫಕೀರೇಶನ ಮುಖ ನೋಡಲಿಲ್ಲ.

ಆಗ ಗುರುಗಳು ಹತ್ತಿರ ಬಂದು ಹೇಳಿದರು. ಹುಡುಗನ ಹೆಣ ಸಿಕ್ಕಿರಲಿಲ್ಲ. ಸಿಗದವನನ್ನು ಸತ್ತನೆಂದು ಹೇಗೆ ಅನ್ನಲಿ ಎಂದು ತಾಯಿ ಹಟ ಹಿಡಿದಿದ್ದಳು. ಸತ್ತವರಿಗೆ ಮಾಡುವ ದಿನಕರ್ಮ ಮಾಡಗೊಡಲಿಲ್ಲ. ಸಂಜೆಯಾದರೆ ಬಂದು ಅದೇ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ಎರಡು ಮಳೆಗಾಲ ಹಾಗೇ ಹೋಯಿತು. ಪಾಠದ ನೆಪ ಹೇಳಿ ಗುರುಗಳೇ ಅವಳನ್ನು ಅಲ್ಲಿಂದ ಎಬ್ಬಿಸಿ ಮರದ ಕೆಳಗೆ ಕೂರಿಸಿದ್ದರು. ಅವನಿಲ್ಲ ಎಂಬ ಮಾತನ್ನು ಕನ್ನಡದಲ್ಲಿ ಅವಳು ಯಾರ ಮುಂದೂ ಆಡಿರಲಿಲ್ಲ.

“ಇವತ್ತು ಮೊದಲನೇ ಸಲ ಅಂದ್ಲು,” ಎಂದರು.

ಫಕೀರೇಶ ತಾನು ಹೇಳಿದ್ದನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿ ನೋಡಿದ. ಒಂದಕ್ಷರವೂ ತಪ್ಪಿರಲಿಲ್ಲ. ಅದೇ ಅವನನ್ನು ಇನ್ನಷ್ಟು ಹೆದರಿಸಿತು.

ಹೋಗಿ, ನಾನು ಹೇಳಿದ್ದೇ ತಪ್ಪು, ನಿಮ್ಮ ವಾಕ್ಯವೇ ಸರಿ ಎಂದುಬಿಡಲೇ ಎಂದು ಕೇಳಿದ.

ಗುರುಗಳು ಕೋಲು ಊರಿಕೊಂಡು ಹೊಳೆಯತ್ತ ನಡೆದರು. ಅವನು ಹಿಂದೆ ಹೋದ.

ಇಬ್ಬರೂ ಅವಳ ಪಕ್ಕ ಕುಳಿತರು. ನೀರು ಕಪ್ಪಾಗುತ್ತ ಬಂದಿತ್ತು. ಪಾರವ್ವ ನೀರಿನಿಂದ ಕಣ್ಣು ಕೀಳದೆ ಕೇಳಿದಳು.

“ಎಷ್ಟು ತಡ ಆದ್ರೂ ಲೇಟ್ ಅಂತನೇ ಅಂತಾರೇನ್ರೀ?”

ಫಕೀರೇಶ ಗುರುಗಳತ್ತ ತಿರುಗಿದ.

“ನನ್ನ ಮಾರಿ ನೋಡಬ್ಯಾಡ,” ಎಂದರು ಅವರು. “ಆಕಿ ಕೇಳಿದ್ದು ನಿನ್ನ.”

ಅವನಿಗೆ ಗೊತ್ತಿದ್ದ ಯಾವ ನಿಯಮವೂ ನೆರವಿಗೆ ಬರಲಿಲ್ಲ. ಅವ್ವಾ ಎಂದ. ಅವಳ ಹತ್ತಿರ ಸರಿದು ಹೇಳಿದ.

“ಅವ ಬರೂದಿಲ್ಲವ್ವಾ.”

ಪಾರವ್ವನ ಗಂಟಲಿನಿಂದ ಹೊರಟ ಕೂಗಿಗೆ ಗೂಡು ಸೇರಿದ್ದ ಹಕ್ಕಿಗಳೆಲ್ಲ ಎದ್ದವು. ಅವಳು ಕಲ್ಲಿಗೆ ಹಣೆಯಿಟ್ಟು ಅತ್ತಳು. ಅಂಥ ಅಳುವನ್ನು ಫಕೀರೇಶ ಜನ್ಮದಲ್ಲಿ ಕೇಳಿರಲಿಲ್ಲ. ಇದೇನು ಮಾಡಿಬಿಟ್ಟೆ ಎಂದು ಗಾಬರಿಯಾಗಿ ಎದ್ದು ಹೊರಟ.

ಗುರುಗಳು ಅವನ ಅಂಗಿಯ ತುದಿ ಹಿಡಿದರು.

“ಉತ್ತರ ಹೇಳಿದವ ಎದ್ದು ಹೋಗಬಾರದು. ಕೂಡು.”