ಬಿಲದವರ ಗುಂಪಿನ ನರಿ

ಕರಿಹಳ್ಳದ ಕಾಡಿನಲ್ಲಿ ಚಳಿಗಾಲ ಬಂತೆಂದರೆ ಫುಟ್‌ಬಾಲ್ ಶುರು. ಹಳ್ಳದ ಆಚೆ ದಡದ ನಾಲ್ಕು ತಂಡ ಒಂದು ಗುಂಪು, ಈಚೆ ದಡದ ನಾಲ್ಕು ತಂಡ ಇನ್ನೊಂದು ಗುಂಪು. ಪ್ರತಿ ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದವರು ಮಾತ್ರ ಫೈನಲ್ ಆಡಬೇಕು. ಫೈನಲ್ ಗೆದ್ದವರಿಗೆ ಬೇಸಿಗೆಯಿಡೀ ನೇರಳೆ ಮರದ ಕೊಳ. ಮಕ್ಕಳೇ, ಆ ಕಾಡಿನಲ್ಲಿ ಬೇಸಿಗೆಗೂ ಬತ್ತದ ಕೊಳ ಅದೊಂದೇ.

ನರಿಗಳ ನಾಯಕ ಕೆಂಚಪ್ಪನಿಗೆ ಆ ಕೊಳ ಬೇಕೇ ಬೇಕಿತ್ತು. ಹಿಂದಿನ ಬೇಸಿಗೆಯಲ್ಲಿ ಅವನ ಮರಿಗಳು ನೀರಿಗಾಗಿ ದಿನವೂ ಎರಡು ಗುಡ್ಡ ಹತ್ತಿಳಿದು ಸೊರಗಿದ್ದವು. ಪಾಪ, ಅವನು ಆಸೆಪಟ್ಟದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಅವನ ದಡದಲ್ಲೇ ಕಾಡುಹಂದಿಗಳೂ ಇದ್ದವು. ಹಿಂದಿನ ಮೂರು ವರ್ಷವೂ ಅವುಗಳ ಎದುರು ಒಂದೊಂದೇ ಗೋಲಿನಿಂದ ಸೋತು, ನರಿಗಳು ಫೈನಲ್ ಮುಖವನ್ನೇ ನೋಡಿರಲಿಲ್ಲ.

ಆ ವರ್ಷ ಪಂದ್ಯಗಳ ಪಟ್ಟಿ ಮಾಡುವ ಆಮೆಯಜ್ಜಿಯ ಬಳಿ ಎಲ್ಲರೂ ಸೇರಿದಾಗ ಕೆಂಚಪ್ಪ ಹೊಸ ಮಾತು ತೆಗೆದ. ಪ್ರತಿ ಮಳೆಗೂ ಹಳ್ಳ ದಿಕ್ಕು ಬದಲಿಸುತ್ತದೆ, ದಡ ನೋಡಿ ಗುಂಪು ಮಾಡುವುದು ಸರಿಯಲ್ಲ ಎಂದ.

"ಬಿಲದಲ್ಲಿ ಮಲಗುವವರದು ಒಂದು ಗುಂಪು, ಹೊರಗೆ ಮಲಗುವವರದು ಇನ್ನೊಂದು ಮಾಡೋಣ ಅಜ್ಜಿ."

ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಎಲ್ಲರೂ ತಲೆಯಾಡಿಸಿದರು. ಬಿಲದ ಗುಂಪಿಗೆ ನರಿ, ಹೆಗ್ಗಣ, ಮುಂಗುಸಿ, ಮುಳ್ಳುಹಂದಿ ಬಂದವು. ಕಾಡುಹಂದಿ, ಜಿಂಕೆ, ಕಡವೆ, ಮುಸುವಗಳೆಲ್ಲ ಹೊರಗಿನ ಗುಂಪಿಗೆ ಹೋದವು.

"ಹಂದಿಗಳ ಜೊತೆ ಆಡೋದು ಬೇಡವೇನಪ್ಪ ನಿನಗೆ?" ಎಂದಳು ಆಮೆಯಜ್ಜಿ.

"ಫೈನಲ್‌ನಲ್ಲಿ ಆಡ್ತೀವಲ್ಲ ಅಜ್ಜಿ," ಎಂದು ಕೆಂಚಪ್ಪ ನಕ್ಕ.

ನರಿಗಳು ಹೆಗ್ಗಣಗಳನ್ನು ಒಂಬತ್ತು ಗೋಲಿನಿಂದ, ಮುಂಗುಸಿಗಳನ್ನು ಏಳು ಗೋಲಿನಿಂದ ಸೋಲಿಸಿದವು. ಮೂರನೆಯ ಆಟದಲ್ಲಿ ಚೆಂಡು ಮುಳ್ಳುಹಂದಿಯ ಬೆನ್ನಿಗೆ ಚುಚ್ಚಿಕೊಂಡು ಬಿಡಿಸಲು ಬಾರದೆ, ಆಟ ಅಲ್ಲಿಗೇ ನಿಂತು, ಆಗಲೇ ಮುಂದಿದ್ದ ನರಿಗಳೇ ಗೆದ್ದವೆಂದಾಯಿತು. ಅವುಗಳ ಗೋಲ್‌ಕೀಪರ್ ಮೂರೂ ದಿನ ಕಂಬಕ್ಕೊರಗಿ ತೂಕಡಿಸಿದ್ದ. ಅವನ ಹತ್ತಿರಕ್ಕೆ ಚೆಂಡು ಬಂದಿದ್ದರೆ ತಾನೇ?

ಅತ್ತ ಹಂದಿಗಳಿಗೆ ಬೆವರಿಳಿಯಿತು. ಮೊದಲ ಆಟದಲ್ಲೇ ಜಿಂಕೆಗಳು ಓಡಿ ಓಡಿ ಅವನ್ನು ಸೋಲಿಸಿದವು. ಹಂದಿಗಳು ಓಟ ತಡೆಯುವುದನ್ನು ಕಲಿತವು. ಮುಸುವಗಳು ಚೆಂಡನ್ನು ಮೇಲಿಂದ ಮೇಲೆ ಹಾರಿಸಿದಾಗ ತಲೆಯೆತ್ತಿ ಆಡುವುದನ್ನೂ ಕಲಿತು ಹೇಗೋ ಗೆದ್ದವು. ಕೊನೆಗೆ ಕಡವೆಗಳನ್ನು ಒಂದೇ ಗೋಲಿನಿಂದ ಹಿಂದೆ ಹಾಕಿ ಗುಂಪಿಗೆ ಮೊದಲಾದವು.

ಫೈನಲ್ ದಿನ ಚೆಂಡು ಮೊದಲ ಸಲ ನರಿಗಳ ಕಡೆ ನುಗ್ಗಿತು. ಯಾರು ತಡೆಯಬೇಕು, ಎಲ್ಲಿ ನಿಲ್ಲಬೇಕು, ಒಬ್ಬರಿಗೂ ತೋಚಲಿಲ್ಲ. ಒಂದು ಗೋಲಿನಿಂದ ಸೋಲುತ್ತಿದ್ದವರು ಈ ಸಲ ಆರು ಗೋಲಿನಿಂದ ಸೋತರು.

ಕೆಂಚಪ್ಪನಿಗೆ ಅಳುವೇ ಬಂತು. ತಾವು ಗುಂಪಿನಲ್ಲಿ ಒಂದು ಆಟವನ್ನೂ ಸೋತಿಲ್ಲ, ಹಂದಿಗಳು ಸೋತಿವೆ, ಹಾಗಾಗಿ ಕೊಳ ತಮಗೇ ಸಲ್ಲಬೇಕು ಎಂದು ಅವನು ವಾದಿಸಿದ.

"ಅವರು ಸೋತು ಕಲಿತರು ಕಣಪ್ಪ," ಎಂದಳು ಆಮೆಯಜ್ಜಿ. "ನಿನ್ನವರಿಗೆ ಕಲಿಯೋಕೆ ನೀನೇ ಬಿಡಲಿಲ್ಲ."

ಆ ಬೇಸಿಗೆಯಲ್ಲೂ ಕೆಂಚಪ್ಪನ ಮರಿಗಳು ಎರಡು ಗುಡ್ಡ ಹತ್ತಿಳಿದವು. ದಾರಿಯಲ್ಲಿ ಆಮೆಯಜ್ಜಿ ಸಿಕ್ಕಾಗ ಅವನು ತಲೆ ತಗ್ಗಿಸಿಕೊಂಡೇ ಕೇಳಿದ.

"ಬರೋ ವರ್ಷ ನಮ್ಮನ್ನ ಹಂದಿಗಳ ಗುಂಪಿಗೇ ಹಾಕಜ್ಜಿ."

ನೀತಿ: ಗಟ್ಟಿ ಎದುರಾಳಿಯಿಂದ ತಪ್ಪಿಸಿಕೊಂಡವನು ಗೆಲ್ಲುವುದನ್ನು ಕಲಿಯುವುದಿಲ್ಲ.