ಪಟ್ಣಕ್ಕೆಲ್ಲ ಸುಣ್ಣ ಬಳಿಸಿದ ದೊರೆ

ಹೂಂ ಅಂತಾ ಇರ್ಬೇಕು ಮಗಾ. ನೀನು ಹೂಂ ನಿಲ್ಲಿಸಿದ್ರೆ ಕತೇನೂ ಅಲ್ಲೇ ನಿಲ್ಲುತ್ತೆ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರೋಕೆ ಮುಂಚೆ, ಗೋರಂಟಿಪಟ್ಣ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಬರೀ ಗೋಡೆ ಅನ್ನೋದೇ ಇರ್ಲಿಲ್ವಂತೆ. ಒಂದು ಮನೆ ಗೋಡೆ ಮೇಲೆ ಕುದುರೆ ಬರೆದಿದ್ರೆ ಪಕ್ಕದ ಮನೇದ್ರ ಮೇಲೆ ನವಿಲು, ಅದರಾಚೆ ಮೀನು ಹಿಡಿಯೋ ಹೆಂಗಸು. ಬಡಗಿಗಳ ಬೀದೀಲಿ ಬಾಗಿಲಿಗೆಲ್ಲ ಗಿಣಿ ಕೆತ್ತಿದ್ರೆ, ಕಲ್ಲುಕುಟಿಗರ ಬೀದೀಲಿ ಜಗಲಿ ಕಂಬದ ಮೇಲೆಲ್ಲ ಕಲ್ಲಿನ ಬಳ್ಳಿ. ಜನ ದಾರಿ ಹೇಳ್ತಿದ್ದದ್ದೂ ಹಂಗೇ. ಕುದುರೆ ಹತ್ರ ಎಡಕ್ಕೆ ತಿರುಗು, ಹುಲಿ ಸಿಕ್ಕಿದ್ಮೇಲೆ ನೆಟ್ಟಗೆ ಹೋಗು, ನವಿಲಿನ ಎದುರುಮನೆ ನಮ್ದು, ಅಷ್ಟೆ.

ಆ ಊರಿಗೊಬ್ಬ ದೊರೆ. ಕೆಟ್ಟವನಲ್ಲ, ಸ್ವಲ್ಪ ಹಿತ್ತಾಳೆ ಕಿವಿ. ಅವನಿಗೆ ಹೊನ್ನಾಜಿ ಅಂತ ಒಬ್ಬಳೇ ಮಗಳು. ಅವಳನ್ನ ಹೆರೋವಾಗ ಸೂಲಗಿತ್ತಿ ಬರೋದು ತಡವಾಗಿ ರಾಣಿ ತೀರಿಕೊಂಡಿದ್ಲಂತೆ. ಬೆಳೆದ ಮಗಳನ್ನ ಅದೇ ಊರಿನ ಸಾಹುಕಾರರ ಮನೆಗೆ ಕೊಟ್ಟ, ಆಮೇಲೆ ಅವಳು ಬಸುರಿಯಾದ್ಲು. ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕು ಸರಿ, ತಾಯಿ ಇಲ್ಲದ ತವರಲ್ಲಿ ಬಾಣಂತನ ಮಾಡೋರು ಯಾರು? ನನ್ನ ಸೊಸೆ, ನಾನೇ ಮಾಡ್ತೀನಿ ಅಂದ್ಲಂತೆ ಅತ್ತೆ ಪುಟ್ಟೀರಮ್ಮ. ದೊರೆಗೆ ಆವತ್ತಿಂದ ಅನ್ನ ಸೇರ್ತಿರ್ಲಿಲ್ಲ. ಹೆಂಡತಿಗಾದದ್ದು ಮಗಳಿಗೂ ಆದ್ರೆ ಅನ್ನೋ ಭಯ. ಮಾಕವ್ವ ಅನ್ನೋ ಸೂಲಗಿತ್ತೀನ ಬೇರೆ ಯಾರೂ ಕರೀಬಾರ್ದು ಅಂತ ಅರಮನೇಲೇ ಇಟ್ಕೊಂಡನಂತೆ. ಮಗಳ ಮನೇಲೇ ಇರಿಸಬಹುದಿತ್ತಲ್ಲ ಅಂತೀಯಾ? ದೊರೆಗಳಿಗೆ ಅಷ್ಟು ಬುದ್ಧಿ ಇದ್ದಿದ್ರೆ ಕತೆಗಳೇ ಹುಟ್ತಿರ್ಲಿಲ್ಲ.

ಹಿಂಗಿರೋವಾಗ ಪಕ್ಕದ ರಾಜ್ಯದ ದೊರೆ ಬಂದ, ಊಟ ಮಾಡ್ದ, ಊರೆಲ್ಲ ನೋಡ್ದ. ನೋಡಿ, ಏನಯ್ಯ, ನಿನ್ನ ಊರು ಹರಕು ಕೌದಿ ಹೊದ್ದಂಗಿದೆ, ನಮ್ಮೂರು ಹಾಲಲ್ಲಿ ಅದ್ದಿದಂಗಿದೆ ಅಂತ ನಕ್ಕನಂತೆ. ನಮ್ಮ ದೊರೆಗೆ ಅವಮಾನ ಆಯ್ತು. ಮಾರನೇ ದಿನವೇ ಡಂಗೂರ. ಗೋಡೆಗೆಲ್ಲ ಸುಣ್ಣ, ಬಾಗಿಲಿಗೂ ಸುಣ್ಣ, ಕಂಬಕ್ಕೂ ಸುಣ್ಣ, ಕೆತ್ತಿದ್ದೆಲ್ಲ ಮುಚ್ಚಿಹೋಗೋವಷ್ಟು ದಪ್ಪಗೆ, ಇನ್ಮೇಲೆ ಗೋಡೆಗೆ ಬಣ್ಣ ಬಳಿದೋರಿಗೆ ಗಡೀಪಾರು. ಜನ ಗೊಣಗಿಕೊಂಡೇ ಬಳಿದ್ರಂತೆ. ಊರು ಬೆಳ್ಳಗಾಯ್ತು. ದೊರೆಗೆ ಖುಷಿಯೋ ಖುಷಿ.

ಆಮೇಲೆ ಶುರುವಾಯ್ತು ನೋಡು. ಮೊದಲು ಮೊಸರಿನವಳು ದಾರಿ ತಪ್ಪಿ ಯಾರ್ಯಾರ ಮನೇಗೋ ಮೊಸರು ಹಾಕಿ ಬಂದ್ಲಂತೆ. ದಿನಾ ಮೊಸರು ಹಾಕಿಸ್ಕೊಳ್ಳೋ ವರ್ತನೆಯವರು ಜಗಳಕ್ಕೆ ಬಂದ್ರು. ದೊರೆ ಕೇಳಿ ನಕ್ಕ. ಆಮೇಲೆ ಒಂದು ಮದುವೆ ದಿಬ್ಬಣ ಬಂತು. ಒಂದು ಮನೆ ಮುಂದೆ ಎಲೆ ಹಾಕಿದ್ರು, ವಡೆ ಪಾಯಸದ ವಾಸನೆ ಬರ್ತಿತ್ತು, ಇದೇ ಹೆಣ್ಣಿನ ಮನೆ ಅಂತ ಹೋಗಿ ಕೂತು, ಹೊಟ್ಟೆ ತುಂಬ ತಿಂದು, ಎಲ್ಲಿ ಹೆಣ್ಣನ್ನ ಕರ್ಕೊಂಡು ಬನ್ನಿ ಅಂದ್ರಂತೆ. ನೋಡಿದ್ರೆ ಅದು ತಿಥಿ ಮನೆ. ಅತ್ತ ಹೆಣ್ಣಿನ ಮನೇಲಿ ಮುಹೂರ್ತ ಮೀರಿಹೋಗಿ ಎಲ್ರೂ ಅಳ್ತಾ ಕೂತಿದ್ರು. ದೊರೆ ಇದಕ್ಕೂ ನಕ್ಕ. ತನ್ನ ಕಾಲಿಗೆ ಚುಚ್ಚೋವರೆಗೂ ಮುಳ್ಳು ತಮಾಷೆನೇ.

ಮೂರನೇ ಸಲ ಒಂದು ಮಧ್ಯಾಹ್ನ, ಹೊನ್ನಾಜಿ ಮನೆ ಕೆಲಸದ ಹುಡುಗಿ ಏದುಸಿರು ಬಿಡ್ತಾ ಅರಮನೆಗೆ ಬಂದ್ಲಂತೆ. ಬುದ್ದೀ, ಅಮ್ಮಾವ್ರಿಗೆ ಬೆಳಗ್ಗೆಯಿಂದ ನೋವು, ಮಗು ಅಡ್ಡಡ್ಡ ಇದ್ದಂಗಿದೆ, ಅರಮನೆ ದಾರಿ ಸಿಗದೆ ಸುತ್ತಿ ಸುತ್ತಿ ಈಗ ಬಂದೆ ಅಂದ್ಲು. ದೊರೆ ಪಲ್ಲಕ್ಕಿಗೂ ಕಾಯ್ಲಿಲ್ಲ. ಮಾಕವ್ವನ ಕೈ ಹಿಡ್ಕೊಂಡು, ಕಾವಲಿನವನ್ನ ಕರ್ಕೊಂಡು, ಬರಿಗಾಲಲ್ಲೇ ಹೊರಟ. ಮುಂದೆ ಹೋಗ್ತಿದ್ದ ಹುಡುಗಿ ಎರಡು ತಿರುವು ದಾಟಿದ್ಮೇಲೆ ನಿಂತುಬಿಟ್ಲು. ಎತ್ತ ನೋಡಿದ್ರೂ ಬಿಳಿ. ಅವಳಿಗೆ ಬಂದ ದಾರಿಯೇ ತಿಳೀಲಿಲ್ವಂತೆ.

ದೊರೆ ಕುಂಬಾರನೊಬ್ಬನ್ನ ಕೇಳಿದ. ಕುದುರೆ ಹತ್ರ ಎಡಕ್ಕೆ ತಿರುಗಿ ಬುದ್ದೀ ಅಂದ ಅವನು. ಕುದುರೆ ಎಲ್ಲಿ? ಹೂ ಕಟ್ತಿದ್ದವಳನ್ನ ಕೇಳಿದ. ಗಿಣಿ ಬಾಗಿಲು ದಾಟಿ ಹೋಗಿ ಅಂದ್ಲು. ಗಿಣಿ ಎಲ್ಲಿ? ಜಗಲಿ ಮೇಲೆ ಕೂತಿದ್ದ ಒಬ್ಬ ಮುದುಕಪ್ಪನ್ನ ಕೇಳಿದ. ಹುಲಿ ಸಿಗುತ್ತಲ್ಲ ಅಂತ ಕೈ ಎತ್ತಿದವನು ಹಂಗೇ ಇಳಿಸಿದನಂತೆ.

"ಹುಲೀನ ನೀವೇ ಸುಣ್ಣದಲ್ಲಿ ಮುಳುಗಿಸಿದ್ರಲ್ಲ ಬುದ್ದೀ, ನಾನೇನಂತ ಹೇಳ್ಲಿ?"

ದೊರೆ ನಡುಬೀದೀಲಿ ನಿಂತು ಹೊನ್ನಾಜೀ ಹೊನ್ನಾಜೀ ಅಂತ ಕೂಗಿದ. ಅಷ್ಟು ದೊಡ್ಡ ಊರಲ್ಲಿ ಯಾರಿಗೆ ಕೇಳ್ಬೇಕು?

ಇತ್ತ ಪುಟ್ಟೀರಮ್ಮ ಕಾದ್ಲು ಕಾದ್ಲು. ಹೋದ ಹುಡುಗಿ ಬರ್ಲಿಲ್ಲ, ಇದು ಈ ಹಾಳು ಸುಣ್ಣದ ಕೆಲಸವೇ ಅಂತ ಹೊಳೀತು. ಗಡೀಪಾರಾದ್ರೆ ಆಗ್ಲಿ, ನನ್ನ ಸೊಸೆ ಉಳೀಲಿ ಅಂದ್ಕೊಂಡು, ಹೊಸ್ತಿಲಿಗೆ ಅಂತ ಕಲಸಿಟ್ಟಿದ್ದ ಕೆಮ್ಮಣ್ಣಿನ ಗಡಿಗೆ ತಂದು, ಬೀದಿ ಗೋಡೆಗೆ ಎರಡೂ ಕೈಲಿ ಬಳಿದೇ ಬಳಿದ್ಲಂತೆ. ಚಿತ್ರ ಅಲ್ಲ ಏನೂ ಅಲ್ಲ, ಬರೀ ಕೆಂಪು. ಅದನ್ನ ಕಂಡವರು ಅದೋ ಅಲ್ಲೊಂದು ಕೆಂಪು ಗೋಡೆ ಅಂದ್ರು, ಮಾತು ಬೀದಿಯಿಂದ ಬೀದಿಗೆ ಹೋಗಿ ದೊರೆ ಕಿವಿಗೂ ಬಿತ್ತು. ನನ್ನ ಅಪ್ಪಣೆ ಮೀರಿ ಬಳಿದಿದಾರೆ ಅಂದ್ರೆ ಅದು ಮಗಳ ಮನೆಯೇ ಅಂದ್ಕೊಂಡು, ಜನ ಕೈ ತೋರಿಸಿದ ಕಡೆ ಓಡಿ ಬಂದ. ಗೋಡೆ ಮುಂದೆ ಮೊಣಕೈವರೆಗೂ ಕೆಂಪಾಗಿ ಬೀಗಿತ್ತಿ ನಿಂತಿದ್ಲು. ಮಾಕವ್ವ ಒಳಗೆ ಹೋದ್ಲು, ಬಾಗಿಲು ಹಾಕಿದ್ರು. ಸುಮಾರು ಹೊತ್ತಾದ್ಮೇಲೆ ಕೂಸು ಅತ್ತಿತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ ಅಂದ್ಲಂತೆ ಮಾಕವ್ವ. ದೊರೆ ಜಗಲಿ ಮೇಲೆ ಕುಸಿದು ಕೂತು ಮಗು ತರ ಅತ್ತನಂತೆ.

ಆಮೇಲೆ ಕಾವಲಿನವನು ಮೆಲ್ಲಗೆ ಕೇಳಿದ, ಬುದ್ದೀ, ಬಣ್ಣ ಬಳಿದೋರಿಗೆ ಗಡೀಪಾರು, ಅಪ್ಪಣೆ ಇದೆಯಲ್ಲ. ದೊರೆ ಅವನಿಗೆ ಸುಮ್ನಿರು ಅಂದು, ಬೀಗಿತ್ತಿ ಕಡೆ ತಿರುಗಿ, ಈ ಗೋಡೆ ಮೇಲೆ ಮೊದಲಿದ್ದದ್ದನ್ನೇ ಬರೆಸಿಕೊಡ್ತೀನಿ ಅಂದ. ಆಗ ಪುಟ್ಟೀರಮ್ಮ ಒಂದೇ ಮಾತು ಕೇಳಿದ್ಲಂತೆ.

"ಏನಿತ್ತು ಹೇಳಿ ಬೀಗರೇ?"

ದೊರೆ ಮಗಳ ಮದುವೇಲಿ ಅದೇ ಗೋಡೆ ಮುಂದೆ ನಿಂತು ಆರತಿ ಮಾಡಿಸ್ಕೊಂಡಿದ್ದ. ಆದ್ರೂ ನೆನಪಾಗ್ಲಿಲ್ಲ. ಯಾಕಂದ್ರೆ ಅವನು ಒಂದು ದಿನವೂ ನೋಡೇ ಇರ್ಲಿಲ್ಲ ಮಗಾ. ಅವನಿಗೆ ಬಹಳ ನಾಚಿಕೆ ಆಯ್ತಂತೆ.

ಮಾರನೇ ದಿನದಿಂದ ಪಲ್ಲಕ್ಕಿ ಬಿಟ್ಟು ಊರೆಲ್ಲ ನಡೆದ. ಮನೆ ಮನೆ ಮುಂದೆ ನಿಂತು ನಿಮ್ಮ ಗೋಡೆ ಮೇಲೆ ಏನಿತ್ತು, ಯಾರು ಬರೆದಿದ್ರು ಅಂತ ಕೇಳಿದ. ಜನ ಸುಣ್ಣ ಕೆರೆದು ತೋರ್ಸಿದ್ರು. ಕುದುರೆ ಬಂತು, ಗಿಣಿ ಬಂತು, ಕಂಬದ ಬಳ್ಳಿ ಬಂತು. ಮಗಳ ಮನೆ ಗೋಡೆಗೆ ಮಾತ್ರ ಪುಟ್ಟೀರಮ್ಮ ಯಾರನ್ನೂ ಕರೆಸ್ಲಿಲ್ಲ, ನೀವೇ ಬರೀರಿ ಬೀಗರೇ ಅಂತ ಕುಂಚ ಕೈಗೆ ಕೊಟ್ಲು. ದೊರೆ ಬೆವರು ಸುರಿಸಿ, ಮೊದಲು ಅಲ್ಲಿದ್ದ ಆನೇನೇ ಬರೆಯೋಕೆ ಹೋದನಂತೆ. ಅದು ಕತ್ತೆ ಆಯ್ತು.

ಅಳಿಸೋಣ ಅಂದ್ರೆ ಪುಟ್ಟೀರಮ್ಮ ಬಿಡ್ಲಿಲ್ಲ. ಕೂಸು ದೊಡ್ಡದಾಯ್ತು, ಬೀದಿಗೆ ಬಂತು, ಯಾರ ಮನೆ ಮಗು ನೀನು ಅಂತ ಯಾರಾದ್ರೂ ಕೇಳಿದ್ರೆ, ನಮ್ಮ ತಾತ ಬರೆದ ಕತ್ತೆ ಮನೇದು ಅಂತಿತ್ತಂತೆ. ದೊರೆಗೆ ಬೇಕಾದಷ್ಟು ಬಿರುದಿದ್ವು, ಈ ಮಾತಿಗೆ ಹಿಗ್ಗಿದಂಗೆ ಅವನು ಯಾವ ಬಿರುದಿಗೂ ಹಿಗ್ಗಲಿಲ್ವಂತೆ.

ಹೂಂ ಅನ್ನೋದು ಯಾವಾಗ ನಿಲ್ಲಿಸಿದ್ಯೋ ಏನೋ. ಮಲಗು ಮಗಾ, ಕತೆಯೂ ಮುಗೀತು, ನನ್ನ ಬಾಯಿಯ ಎಲೆಅಡಿಕೆಯೂ ಮುಗೀತು.